ವಿಶೇಷಚೇತನರ ವರ್ತನೆ ಮತ್ತು ಸಮುದಾಯದ ಹೊಣೆ

2025ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪೊಂದು ಪತ್ರಿಕೆಗಳ ಒಳಪುಟಗಳಲ್ಲಿ ಕಾಣಿಸಿಕೊಂಡು ಮರೆಯಾಯಿತು. ಬೌದ್ಧಿಕ ಅಂಗವೈಕಲ್ಯವುಳ್ಳವರನ್ನು ಇರಿಸಿಕೊಂಡಿರುವ ಆಶ್ರಯಧಾಮಗಳ ಸ್ಥಿತಿಗತಿಯನ್ನು ದೇಶದಾದ್ಯಂತ ಪರಿಶೀಲಿಸುವ ಕೆಲಸವನ್ನು ನ್ಯಾಯಾಲಯವು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಒಪ್ಪಿಸಿತು. ಈ ವ್ಯಾಜ್ಯದ ಹಿನ್ನೆಲೆಯಲ್ಲಿ ದೆಹಲಿಯ ರೋಹಿಣಿ ಬಡಾವಣೆಯ ಸರ್ಕಾರಿ ಆಶ್ರಯಧಾಮ 'ಆಶಾಕಿರಣ'ದ ಹೆಸರಿದೆ. 2024ರ ಜುಲೈ ತಿಂಗಳೊಂದರಲ್ಲೇ ಅಲ್ಲಿ ಹತ್ತಕ್ಕೂ ಹೆಚ್ಚು ನಿವಾಸಿಗಳು ಸಾವನ್ನಪ್ಪಿದ ಸುದ್ದಿಯನ್ನು ಓದುಗರು ಮರೆತಿರಲಾರರು. ಮಿತಿಗಿಂತ ಬಹಳ ಹೆಚ್ಚು ಜನರನ್ನು ತುಂಬಿಕೊಂಡಿದ್ದ ಆ ಧಾಮದ ಬಗ್ಗೆ ಸಂಸತ್ತಿನಲ್ಲೂ ಹೊರಗೂ ಕೆಲವು ದಿನ ಗದ್ದಲವಾಯಿತು. ಬಳಿಕ ಎಂದಿನಂತೆ ಮೌನ.

ಇಂಥ ಸುದ್ದಿ ಬಂದಾಗ ನಾವು ಸರ್ಕಾರವನ್ನು ದೂರುತ್ತೇವೆ. ಅದು ಸರಿಯೇ. ಆದರೆ ಅದರ ಹಿಂದಿನ ಪ್ರಶ್ನೆಯೊಂದನ್ನು ನಾವು ಕೇಳುವುದಿಲ್ಲ. ಆ ಜನರು ಅಲ್ಲಿಗೆ ಬಂದದ್ದಾದರೂ ಹೇಗೆ? ಅವರಲ್ಲಿ ಅನೇಕರು ಅನಾಥರು, ದಾರಿ ತಪ್ಪಿ ಸಿಕ್ಕವರು. ಇನ್ನು ಮನೆಯಿದ್ದೂ ಇಂಥ ಧಾಮಗಳ ಬಾಗಿಲು ತಟ್ಟುವ ಕುಟುಂಬಗಳನ್ನು ವಿಚಾರಿಸಿದರೆ ಬಡತನದ ಜೊತೆಗೆ ಕೇಳಿಬರುವ ಕಾರಣ ಸಾಮಾನ್ಯವಾಗಿ ಒಂದೇ: "ಸಂಭಾಳಿಸಲಾಗುತ್ತಿಲ್ಲ." ಹೊಡೆಯುತ್ತಾನೆ, ಕಚ್ಚಿಕೊಳ್ಳುತ್ತಾಳೆ, ರಾತ್ರಿಯಿಡೀ ಕೂಗುತ್ತಾನೆ, ಮನೆಬಿಟ್ಟು ಓಡುತ್ತಾಳೆ. ಬುದ್ಧಿಯ ಬೆಳವಣಿಗೆ ನಿಧಾನವೆಂಬ ಕಾರಣಕ್ಕೆ ಮಗುವನ್ನು ಹೊರಗಟ್ಟುವ ತಂದೆತಾಯಿ ವಿರಳ. ವರ್ತನೆಯ ಕಷ್ಟವನ್ನು ಒಂಟಿಯಾಗಿ ಹೊತ್ತು ಬಸವಳಿದ ಮೇಲೆ ಕೈಚೆಲ್ಲುವವರೇ ಹೆಚ್ಚು. ಆದ್ದರಿಂದ ವರ್ತನೆಗೆ ಸಂಬಂಧಿಸಿದ ನೆರವು ಮನೆಯ ಹತ್ತಿರದಲ್ಲೇ ದೊರೆಯುತ್ತದೆಯೇ ಎಂಬುದು ಈ ಇಡೀ ವಿಷಯದ ತಿರುಳು.

ಕಾನೂನು ಏನು ಹೇಳುತ್ತದೆ?

ಕಾನೂನಿನ ಕೊರತೆ ನಮ್ಮಲ್ಲಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಹಾಗೂ ಬಹುವಿಧ ಅಂಗವೈಕಲ್ಯವುಳ್ಳವರಿಗಾಗಿ 1999ರಲ್ಲಿಯೇ ರಾಷ್ಟ್ರೀಯ ನ್ಯಾಸ ಕಾಯಿದೆ, ಅಂದರೆ ನ್ಯಾಷನಲ್ ಟ್ರಸ್ಟ್ ಕಾಯಿದೆ, ಬಂದಿತು. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತವು 2007ರಲ್ಲಿ ಅನುಮೋದಿಸಿತು. ಅದರ 19ನೆಯ ವಿಧಿ ಸಮುದಾಯದ ನಡುವೆ ಬಾಳುವ ಹಕ್ಕನ್ನು ಕುರಿತದ್ದು. ಅದಕ್ಕೆ ಹೊಂದಿಕೊಳ್ಳುವಂತೆ ರೂಪಿಸಿದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದು, ಅಂಗವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು. ಈ ಕಾಯಿದೆಯ 5ನೆಯ ಕಲಮು ಗಮನಾರ್ಹವಾದುದು. ಯಾವುದೇ ಅಂಗವಿಕಲ ವ್ಯಕ್ತಿಯನ್ನು ಇಂಥದೇ ವ್ಯವಸ್ಥೆಯಲ್ಲಿ ವಾಸಿಸಬೇಕೆಂದು ಕಟ್ಟುಪಾಡಿಗೆ ಒಳಪಡಿಸದಂತೆಯೂ, ಮನೆಯಲ್ಲೂ ಸಮುದಾಯದಲ್ಲೂ ಅವರಿಗೆ ಬೆಂಬಲ ಸೇವೆಗಳು ದೊರೆಯುವಂತೆಯೂ ಸರ್ಕಾರ ಶ್ರಮಿಸಬೇಕು ಎಂಬುದು ಅದರ ಆಶಯ.

'ಶ್ರಮಿಸಬೇಕು' ಎಂಬಲ್ಲಿಯೇ ತೊಡಕಿದೆ. ಶ್ರಮಿಸಲಿಲ್ಲವೆಂದು ಯಾರನ್ನೂ ಹಿಡಿದು ಕೇಳುವುದು ಸುಲಭವಲ್ಲ. ಮತ್ತೊಂದು ತೊಡಕು 2017ರ ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯಿದೆಯಲ್ಲಿದೆ. ಅದು ನೀಡುವ ಮಾನಸಿಕ ಕಾಯಿಲೆಯ ವ್ಯಾಖ್ಯೆಯು ಬುದ್ಧಿಮಾಂದ್ಯತೆಯನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಎರಡೂ ಬೇರೆ ಬೇರೆ ಎಂಬುದು ಸರಿಯಾದ ತಿಳಿವಳಿಕೆಯೇ. ಆದರೆ ವ್ಯವಹಾರದಲ್ಲಿ ಆಗುವುದೇನು? ಬೌದ್ಧಿಕ ಅಂಗವೈಕಲ್ಯದೊಂದಿಗೆ ತೀವ್ರ ವರ್ತನೆಯ ತೊಂದರೆಯೂ ಇರುವ ಇಪ್ಪತ್ತೈದರ ಯುವಕನನ್ನು ಮನೋವೈದ್ಯಕೀಯ ವಿಭಾಗಕ್ಕೆ ಕರೆದೊಯ್ದರೆ ಇದು ಕಾಯಿಲೆಯಲ್ಲ, ವಿಶೇಷ ಶಾಲೆಗೆ ಹೋಗಿ ಎನ್ನುತ್ತಾರೆ. ವಿಶೇಷ ಶಾಲೆಯಲ್ಲಿ ವಯಸ್ಸು ಮೀರಿದೆ, ಜೊತೆಗೆ ಹೊಡೆಯುತ್ತಾನೆ, ಆಸ್ಪತ್ರೆಗೆ ಹೋಗಿ ಎನ್ನುತ್ತಾರೆ. ಈ ಎರಡು ಬಾಗಿಲುಗಳ ನಡುವಿನ ಮೊಗಸಾಲೆಯಲ್ಲಿ ಅವೆಷ್ಟೋ ಕುಟುಂಬಗಳು ವರ್ಷಗಟ್ಟಲೆ ಕಾದು ನಿಂತಿವೆ.

2011ರ ಜನಗಣತಿಯು 2.68 ಕೋಟಿ ಅಂಗವಿಕಲರನ್ನು ಲೆಕ್ಕಹಾಕಿ, ಅವರಲ್ಲಿ ಸುಮಾರು 15 ಲಕ್ಷ ಮಂದಿಯನ್ನು ಬೌದ್ಧಿಕ ಅಂಗವೈಕಲ್ಯವುಳ್ಳವರೆಂದು ಗುರುತಿಸಿತ್ತು. ಆಟಿಸಂಗೆ ಆ ಗಣತಿಯಲ್ಲಿ ಪ್ರತ್ಯೇಕ ಕಲಂ ಇರಲಿಲ್ಲ. ಗಣತಿಯವರು ಬಾಗಿಲಿಗೆ ಬಂದಾಗ ಇಂಥ ಮಗುವಿನ ಸಂಗತಿಯನ್ನು ಎಷ್ಟು ಮನೆಯವರು ಬಾಯಿಬಿಟ್ಟು ಹೇಳುತ್ತಾರೆ ಎಂಬುದನ್ನು ಬಲ್ಲವರು ಈ ಸಂಖ್ಯೆಯನ್ನು ಕನಿಷ್ಠ ಲೆಕ್ಕವೆಂದೇ ಪರಿಗಣಿಸುತ್ತಾರೆ.

ವರ್ತನೆಯೂ ಒಂದು ಭಾಷೆ

ವರ್ತನಾ ಬೆಂಬಲ ಎಂದರೇನು? ಕಳೆದ ನಾಲ್ಕು ದಶಕಗಳಲ್ಲಿ ಈ ಕ್ಷೇತ್ರದಲ್ಲಿ ನಡೆದ ಮುಖ್ಯ ಬದಲಾವಣೆಯನ್ನು ಸರಳವಾಗಿ ಹೀಗೆ ಹೇಳಬಹುದು: ಹಿಂದೆ 'ಈ ಹಟವನ್ನು ನಿಲ್ಲಿಸುವುದು ಹೇಗೆ' ಎಂದು ಕೇಳುತ್ತಿದ್ದವರು ಈಗ 'ಈ ವರ್ತನೆಯಿಂದ ಆ ವ್ಯಕ್ತಿಗೆ ದೊರೆಯುತ್ತಿರುವುದೇನು' ಎಂದು ಕೇಳುತ್ತಾರೆ. ಮಾತು ಸಾಕಷ್ಟಿಲ್ಲದವರಿಗೆ ವರ್ತನೆಯೇ ಮಾತು. ಯಾರದಾದರೂ ಗಮನ ಸೆಳೆಯುವುದು, ಬೇಡದ ಕೆಲಸದಿಂದಲೋ ಜಾಗದಿಂದಲೋ ಪಾರಾಗುವುದು, ಬೇಕಾದ ವಸ್ತುವನ್ನು ಪಡೆಯುವುದು, ದೇಹಕ್ಕೆ ಒಂದು ಬಗೆಯ ಸಮಾಧಾನ ತಂದುಕೊಳ್ಳುವುದು: ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದಿಲ್ಲೊಂದು ಉದ್ದೇಶ ಅದರ ಹಿಂದಿರುತ್ತದೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಮನೆಗೆ ನೆಂಟರು ಬಂದಾಗಲೆಲ್ಲ ಊಟದ ತಟ್ಟೆಯನ್ನು ಎಸೆಯುವ ಹುಡುಗನಿದ್ದಾನೆ. ತಾಯಿ ಗದರಿಸಿ ಅವನನ್ನು ಒಳಗಿನ ಕೋಣೆಗೆ ಕಳಿಸುತ್ತಾಳೆ. ಅಲ್ಲಿ ಅವನು ಶಾಂತನಾಗುತ್ತಾನೆ. ತಾಯಿಯ ದೃಷ್ಟಿಯಲ್ಲಿ ಅದು ಶಿಕ್ಷೆ. ಹುಡುಗನ ದೃಷ್ಟಿಯಲ್ಲಿ ಗದ್ದಲದಿಂದ ಬಿಡುಗಡೆ. ತಟ್ಟೆ ಎಸೆದರೆ ಬಿಡುಗಡೆ ದೊರೆಯುತ್ತದೆ ಎಂಬ ಪಾಠವನ್ನು ಅವನು ಚೆನ್ನಾಗಿಯೇ ಕಲಿತಿದ್ದಾನೆ. ಇಲ್ಲಿ ಮಾಡಬೇಕಾದದ್ದು ಶಿಕ್ಷೆಯನ್ನು ಹೆಚ್ಚಿಸುವುದಲ್ಲ. 'ಸಾಕು, ಒಳಗೆ ಹೋಗುತ್ತೇನೆ' ಎಂಬುದನ್ನು ಚಿತ್ರದ ಚೀಟಿಯಿಂದಲೋ ಕೈಸನ್ನೆಯಿಂದಲೋ ತಿಳಿಸಲು ಕಲಿಸಬೇಕು. ತಿಳಿಸಿದ ಕೂಡಲೇ ಅದನ್ನು ಗೌರವಿಸಬೇಕು. ನೆಂಟರು ಬರುವ ಮೊದಲೇ ಅವನಿಗೆ ಊಟ ಬಡಿಸಿದರೆ ಇನ್ನೂ ಒಳ್ಳೆಯದು.

ಇನ್ನೊಂದು ಮನೆಯಲ್ಲಿ ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳಲಾರಂಭಿಸಿದ ಹುಡುಗಿಗೆ ಇದೇ ಉಪಾಯ ಮಾಡಿದರೆ ಪ್ರಯೋಜನವಿಲ್ಲ. ಅವಳಿಗೆ ಕಿವಿನೋವೋ ಹಲ್ಲುನೋವೋ ಮಲಬದ್ಧತೆಯೋ ಇರಬಹುದು. ಹೇಳಲಾರದವರ ನೋವು ಹೀಗೆ ಹೊರಬೀಳುತ್ತದೆ. ಆದಕಾರಣ ವರ್ತನೆ ದಿಢೀರನೆ ಬದಲಾದಾಗ ಮೊದಲು ವೈದ್ಯರಿಂದ ದೇಹವನ್ನು ತಪಾಸಣೆ ಮಾಡಿಸಬೇಕೆಂಬುದು ತಜ್ಞರ ಮೊದಲ ಸೂತ್ರ. ಎರಡನೆಯ ಸೂತ್ರ ಬರೆದಿಡುವುದು: ಮೊದಲು ಏನಾಯಿತು, ಅವನು ಏನು ಮಾಡಿದ, ಆಮೇಲೆ ನಾವು ಏನು ಮಾಡಿದೆವು ಎಂಬ ಮೂರು ಕಲಮುಗಳು. ನಾಲ್ಕು ಗೆರೆಯ ನೋಟ್‌ಬುಕ್ಕಿನಲ್ಲಿ ಎರಡು ವಾರ ಹೀಗೆ ಬರೆದರೆ, 'ಕಾರಣವೇ ಇಲ್ಲದೆ ಕೂಗುತ್ತಾನೆ' ಎಂಬ ಮಾತಿನ ಜಾಗದಲ್ಲಿ ಒಂದು ಕ್ರಮ ಗೋಚರಿಸತೊಡಗುತ್ತದೆ.

ಇದು ಪರದೇಶದಿಂದ ಮಾತ್ರ ಬಂದ ವಿದ್ಯೆಯಲ್ಲ. 1984ರಲ್ಲಿ ಸಿಕಂದರಾಬಾದಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಥೆಯು (ಈಗಿನ ಎನ್‌ಐಇಪಿಐಡಿ) ಭಾರತೀಯ ಮಕ್ಕಳಿಗೆಂದೇ ವರ್ತನಾ ಮಾಪನವೊಂದನ್ನು 1992ರಲ್ಲಿ ಪ್ರಕಟಿಸಿತು. ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ ಸಿದ್ಧಪಡಿಸಿದ ಆ ಮಾಪನದ ಒಂದು ಭಾಗ ಮಗುವಿನ ಕೌಶಲಗಳನ್ನೂ ಇನ್ನೊಂದು ಭಾಗ ತೊಂದರೆಯ ವರ್ತನೆಗಳನ್ನೂ ಅಳೆಯುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟದ್ದರಲ್ಲಿಯೇ ವಿವೇಕವಿದೆ. ಕೌಶಲ ಹೆಚ್ಚಿದಂತೆ ತೊಂದರೆ ತಗ್ಗುತ್ತದೆ ಎಂಬುದು ಅದರ ಒಳನೋಟ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮಗುವನ್ನು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಬೊಂಬೆಯಾಗಿಸುವುದು ವರ್ತನಾ ಬೆಂಬಲವಲ್ಲ. ಆಟಿಸಂ ಇರುವ ವಯಸ್ಕರೇ ಇಂದು ಮುಂದೆ ಬಂದು, ಕೈ ಆಡಿಸಬೇಡ, ಕಣ್ಣಲ್ಲಿ ಕಣ್ಣಿಟ್ಟು ನೋಡು ಎಂದು ಬಲವಂತಪಡಿಸಿದ ತರಬೇತಿಗಳು ತಮಗೆ ಮಾಡಿದ ಹಾನಿಯನ್ನು ವಿವರಿಸುತ್ತಿದ್ದಾರೆ. ಯಾರಿಗೂ ಅಪಾಯವಿಲ್ಲದ ಅಭ್ಯಾಸವನ್ನು ನೋಡುವವರ ಮುಜುಗರಕ್ಕಾಗಿ ಅಳಿಸಹೊರಡುವುದು ಸಲ್ಲದು. ಎರಡನೆಯದು ಔಷಧದ ವಿಷಯ. ಮಾತ್ರೆಯನ್ನು ಸಾರಾಸಗಟಾಗಿ ತಿರಸ್ಕರಿಸಬೇಕಿಲ್ಲ. ಆದರೆ ಇಂಗ್ಲೆಂಡಿನ ನೈಸ್ ಸಂಸ್ಥೆಯ 2015ರ ಮಾರ್ಗಸೂಚಿಯು ವರ್ತನೆಗಾಗಿ ಮನೋರೋಗದ ಔಷಧಗಳನ್ನು ನೀಡುವುದಾದರೆ ಇತರ ಉಪಾಯಗಳು ಫಲಿಸದಿದ್ದಾಗ, ಅದೂ ಆ ಉಪಾಯಗಳ ಜೊತೆಜೊತೆಗೇ ನೀಡಬೇಕೆಂದು ಹೇಳುತ್ತದೆ. ನಮ್ಮಲ್ಲಿ ಮಾತ್ರೆ ಮೂಲೆಯ ಅಂಗಡಿಯವರೆಗೂ ತಲುಪಿದೆ. ತರಬೇತಿ ಪಡೆದ ಮನುಷ್ಯ ಮಾತ್ರ ಜಿಲ್ಲಾ ಕೇಂದ್ರವನ್ನೂ ತಲುಪಿಲ್ಲ.

ಮುಚ್ಚಿದರೆ ಸಾಕೇ?

ಆಶ್ರಯಧಾಮಗಳ ಪರಿಶೀಲನೆ ನಡೆದು ಅಲ್ಲಿಯ ದುಃಸ್ಥಿತಿ ಬಯಲಾದರೆ 'ಇವನ್ನು ಮುಚ್ಚಿ' ಎಂಬ ಕೂಗು ಏಳುವುದು ಸಹಜ. ಈ ಹಂತದಲ್ಲಿ ಇಂಗ್ಲೆಂಡಿನ ಅನುಭವ ನಮಗೆ ಪಾಠವಾಗಬೇಕು. 2011ರಲ್ಲಿ ಬ್ರಿಸ್ಟಲ್ ಸಮೀಪದ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಬೌದ್ಧಿಕ ಅಂಗವೈಕಲ್ಯವುಳ್ಳವರನ್ನು ಸಿಬ್ಬಂದಿಯೇ ಹಿಂಸಿಸುತ್ತಿದ್ದುದನ್ನು ಬಿಬಿಸಿಯ ಗುಪ್ತ ಕ್ಯಾಮರಾ ಬಯಲಿಗೆಳೆಯಿತು. ಹನ್ನೊಂದು ಮಂದಿ ತಪ್ಪಿತಸ್ಥರೆಂದು ಸಾಬೀತಾಯಿತು, ಆಸ್ಪತ್ರೆ ಮುಚ್ಚಿತು. ಇಂಥ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ಇರುವವರೆಲ್ಲರನ್ನೂ 2014ರ ಜೂನ್ ಒಳಗೆ ಸಮುದಾಯಕ್ಕೆ ಮರಳಿಸುವುದಾಗಿ ಅಲ್ಲಿಯ ಸರ್ಕಾರ ಮಾತುಕೊಟ್ಟಿತು. ಆ ಗಡುವು ತಪ್ಪಿತು. ಹತ್ತು ವರ್ಷ ಕಳೆದ ಮೇಲೂ ಸುಮಾರು 2,000 ಮಂದಿ ಆಸ್ಪತ್ರೆಗಳಲ್ಲೇ ಉಳಿದಿದ್ದರು. ಹೊರಗೆ ಅವರನ್ನು ಬರಮಾಡಿಕೊಳ್ಳಲು ಮನೆಗಳಿರಲಿಲ್ಲ, ಕಷ್ಟದ ಗಳಿಗೆಯಲ್ಲಿ ಓಡಿಬರುವ ನುರಿತ ಸಿಬ್ಬಂದಿ ಇರಲಿಲ್ಲ. ಅಷ್ಟು ಸಿರಿವಂತ ದೇಶದ ಪಾಡೇ ಹೀಗಿರುವಾಗ, ಹೊರಗೆ ಏನನ್ನೂ ಕಟ್ಟದೆ ಒಳಗಿನದನ್ನು ಕೆಡವಿದರೆ ನಮ್ಮಲ್ಲಿ ಭಾರವೆಲ್ಲ ಮತ್ತೆ ಒಬ್ಬ ವೃದ್ಧ ತಾಯಿಯ ಹೆಗಲೇರುತ್ತದೆ.

ಕಟ್ಟುವುದು ಸಾಧ್ಯ ಎಂಬುದಕ್ಕೆ ನೆರೆಯಲ್ಲೇ ನಿದರ್ಶನಗಳಿವೆ. ಕೇರಳದಲ್ಲಿ ಕುಟುಂಬಶ್ರೀ ಮಹಿಳಾ ಸಂಘಟನೆಯ ನೆರವಿನಿಂದ ಗ್ರಾಮ ಪಂಚಾಯತಿಗಳೇ ನಡೆಸುವ 'ಬಡ್ಸ್' ಶಾಲೆಗಳು 2004ರಲ್ಲಿ ತಿರುವನಂತಪುರ ಜಿಲ್ಲೆಯ ವೆಂಙಾನೂರಿನಿಂದ ಆರಂಭಗೊಂಡು ಇಂದು 300ಕ್ಕೂ ಮಿಕ್ಕಿವೆ. ಹದಿನೆಂಟು ದಾಟಿದವರಿಗೆ ಪ್ರತ್ಯೇಕ ಪುನರ್ವಸತಿ ಕೇಂದ್ರಗಳಿವೆ. ಎಂಡೋಸಲ್ಫಾನ್ ದುರಂತ ಕಂಡ ಕಾಸರಗೋಡಿನಲ್ಲಿಯೂ ಇಂಥ ಶಾಲೆಗಳಿದ್ದು, ಗಡಿನಾಡ ಕನ್ನಡಿಗರಿಗೆ ಇವು ಅಪರಿಚಿತವಲ್ಲ. ತಮಿಳುನಾಡು ವಿಶ್ವಬ್ಯಾಂಕಿನ ಸಾಲದಿಂದ 2022ರಲ್ಲಿ ಮಂಜೂರಾದ 'ರೈಟ್ಸ್' ಯೋಜನೆಯಡಿ, ಚಿಕಿತ್ಸೆ ಮತ್ತು ಸಲಹೆ ಒಂದೇ ಸೂರಿನಡಿ ದೊರೆಯುವ 'ವಿಳುದುಗಳ್' ಕೇಂದ್ರಗಳನ್ನು ತೆರೆಯುತ್ತಿದೆ. ವಿಳುದುಗಳ್ ಎಂದರೆ ಆಲದ ಬಿಳಲುಗಳು. ಮುದಿಮರದ ಭಾರವನ್ನು ಹೊರುವುದು ಬಿಳಲೇ ಅಲ್ಲವೇ? ಈ ಎರಡೂ ಪ್ರಯತ್ನಗಳಲ್ಲಿ ಕೊರತೆಗಳಿಲ್ಲವೆಂದಲ್ಲ. ಆದರೆ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ನೆರವಿರಬೇಕು ಎಂಬ ತತ್ತ್ವವನ್ನು ಅವು ಒಪ್ಪಿಕೊಂಡಿವೆ.

ಹೊರನಾಡ ಕನ್ನಡಿಗರ ವಿಶೇಷ ಕಷ್ಟ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳಿಗೆ ಇದರ ಜೊತೆಗೆ ಇನ್ನೊಂದು ಕಷ್ಟವಿದೆ. ಮನೆಯಲ್ಲಿ ಕನ್ನಡ ಅಥವಾ ತುಳು, ಮೆಟ್ಟಿಲಿಳಿದರೆ ಮರಾಠಿಯೋ ತಮಿಳೋ, ಚಿಕಿತ್ಸಾ ಕೇಂದ್ರದಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಮಗುವಿಗೆ ಗೊಂದಲವಾಗುತ್ತದೆ, ಮನೆಭಾಷೆಯನ್ನು ಬಿಟ್ಟು ಇಂಗ್ಲಿಷಿನಲ್ಲೇ ಮಾತನಾಡಿ ಎಂಬ ಸಲಹೆಯನ್ನು ಅನೇಕ ತಂದೆತಾಯಿಯರು ಕೇಳಿದ್ದಾರೆ, ಪಾಲಿಸಿಯೂ ಇದ್ದಾರೆ. ಆದರೆ ಕೆನಡಾ ಮೊದಲಾದೆಡೆ ಡೌನ್ ಸಿಂಡ್ರೋಮ್ ಮತ್ತು ಆಟಿಸಂ ಇರುವ ಮಕ್ಕಳ ಕುರಿತು ನಡೆದ ಅಧ್ಯಯನಗಳು ಎರಡು ಭಾಷೆಗಳ ನಡುವೆ ಬೆಳೆದುದರಿಂದ ಹಾನಿಯಾಯಿತೆಂದು ಕಂಡಿಲ್ಲ. ಇತ್ತ ಕನ್ನಡವನ್ನು ಬಿಟ್ಟ ಮನೆಯಲ್ಲಿ ಆಗುವ ನಷ್ಟ ಕಣ್ಣಿಗೆ ಕಾಣುವಂಥದು: ಅಜ್ಜಿ ಮೊಮ್ಮಗುವಿನೊಡನೆ ಮಾತು ನಿಲ್ಲಿಸುತ್ತಾಳೆ. ಮಗುವಿಗೆ ಮೊದಲೇ ವಿರಳವಾಗಿದ್ದ ಒಡನಾಡಿಗಳಲ್ಲಿ ಒಬ್ಬರು ಕಡಿಮೆಯಾಗುತ್ತಾರೆ. 'ನೀರು', 'ಸಾಕು', 'ನೋವು', 'ಹೊರಗೆ' ಎಂಬ ಚಿತ್ರಚೀಟಿಗಳು ಕನ್ನಡದಲ್ಲೇ ಇದ್ದರೆ ಅವುಗಳನ್ನು ಬಳಸಲು ಮನೆಮಂದಿಗೆಲ್ಲ ಬರುತ್ತದೆ.

ಇನ್ನು ನೆಂಟರಿಷ್ಟರು ದೂರದ ಊರಿನಲ್ಲಿ. ಇಲ್ಲಿರುವ ಬಳಗವೆಂದರೆ ಸಂಘ, ದೇವಸ್ಥಾನ, ಸೊಸೈಟಿಯ ನೆರೆಹೊರೆ. ಈ ಮೂರು ಕಡೆಯಿಂದಲೂ ಇಂಥ ಕುಟುಂಬಗಳು ಸದ್ದಿಲ್ಲದೆ ಹಿಂದೆ ಸರಿಯುತ್ತವೆ. ಯಾರೂ 'ಬರಬೇಡಿ' ಎನ್ನುವುದಿಲ್ಲ. ನಾಟಕದ ನಡುವೆ ಮಗು ಕೂಗಿದಾಗ ಮುಂದಿನ ಸಾಲಿನವರು ತಿರುಗಿ ನೋಡುವ ನೋಟವೇ ಸಾಕು. 'ಹೆತ್ತವರಿಗೆ ಹೆಗ್ಗಣ ಮುದ್ದು' ಎಂಬ ಗಾದೆಯನ್ನು ನಗುನಗುತ್ತಾ ಆಡುವವರು ಅದು ಎಲ್ಲಿ ಹೋಗಿ ತಗಲುತ್ತದೆಂದು ಯೋಚಿಸಿರುವುದಿಲ್ಲ. ಹೊರಗಿನ ಓಡಾಟ ಕಡಿಮೆಯಾದಷ್ಟೂ ಮಗುವಿಗೆ ಜನರ ನಡುವೆ ಇರುವ ಅಭ್ಯಾಸ ತಪ್ಪುತ್ತದೆ. ಅಭ್ಯಾಸ ತಪ್ಪಿದಷ್ಟೂ ಹೊರಗೆ ಹೋದಾಗ ತೊಂದರೆ ಹೆಚ್ಚುತ್ತದೆ. ಈ ಸುತ್ತನ್ನು ತಾಯಿಯೊಬ್ಬಳೇ ಮುರಿಯಲಾರಳು.

'ನಮ್ಮ ನಂತರ ಯಾರು?'

ಬ್ಯಾಂಕಿನಲ್ಲಿ ದುಡಿಯುವ ನಮ್ಮಂಥವರು ಕೌಂಟರಿನ ಆಚೆಯಿಂದ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದಕ್ಕೆ ಪೂರ್ಣ ಉತ್ತರ ನಮ್ಮಲ್ಲಿಲ್ಲ. ಆದರೆ ಕೆಲವು ಸಂಗತಿಗಳು ಎಲ್ಲರಿಗೂ ತಿಳಿದಿರಲೇಬೇಕು. ಮಗುವಿಗೆ ಹದಿನೆಂಟು ತುಂಬಿದ ಮೇಲೆ ತಂದೆತಾಯಿ ತಾನೇತಾನಾಗಿ ಕಾನೂನಿನ ಪಾಲಕರಾಗಿ ಉಳಿಯುವುದಿಲ್ಲ. ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಿ ಪಾಲಕತ್ವ ಪಡೆಯಬೇಕು. ಆ ಸಮಿತಿ ನೀಡುವ ಪ್ರಮಾಣಪತ್ರವನ್ನು ಖಾತೆ ತೆರೆಯಲು ಹಾಗೂ ನಡೆಸಲು ಬ್ಯಾಂಕುಗಳು ಮಾನ್ಯ ಮಾಡಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿದೆ. ಕೌಂಟರಿನ ಗುಮಾಸ್ತನಿಗೆ ಇದು ತಿಳಿಯದಿದ್ದರೆ ಶಾಖೆಯ ವ್ಯವಸ್ಥಾಪಕರನ್ನು ಕಾಣಲು ಹಿಂಜರಿಯಬೇಕಾಗಿಲ್ಲ. ಇತ್ತ 2016ರ ಕಾಯಿದೆಯು ಮಿತ ಪಾಲಕತ್ವದ ಮಾತನಾಡುತ್ತದೆ. ಅಂದರೆ ನಿರ್ದಿಷ್ಟ ನಿರ್ಧಾರಕ್ಕೆ, ನಿರ್ದಿಷ್ಟ ಅವಧಿಗೆ, ಆ ವ್ಯಕ್ತಿಯ ಇಚ್ಛೆಗೆ ಅನುಸಾರವಾಗಿ, ಅವರೊಡನೆ ಕೂಡಿ ಕೈಗೊಳ್ಳುವ ತೀರ್ಮಾನ. ಎರಡು ಕಾಯಿದೆಗಳ ದೃಷ್ಟಿಯಲ್ಲಿ ಅಂತರವಿದೆ. ಆದರೂ ಮಗನನ್ನೋ ಮಗಳನ್ನೋ ಕೇಳಿ ನಿರ್ಧರಿಸುವ ಅಭ್ಯಾಸವನ್ನು ಮನೆಯಲ್ಲಿ ಆರಂಭಿಸಲು ಯಾವ ಕಾಯಿದೆಯೂ ಅಡ್ಡಬರುವುದಿಲ್ಲ.

ನ್ಯಾಷನಲ್ ಟ್ರಸ್ಟಿನ 'ನಿರಾಮಯ' ವಿಮೆಯು ಈ ನಾಲ್ಕು ಬಗೆಯ ಅಂಗವೈಕಲ್ಯವುಳ್ಳವರಿಗೆ 1 ಲಕ್ಷ ರೂಪಾಯಿವರೆಗಿನ ರಕ್ಷಣೆಯನ್ನು ಪೂರ್ವಭಾವಿ ವೈದ್ಯಕೀಯ ತಪಾಸಣೆಯಿಲ್ಲದೆ ನೀಡುತ್ತದೆ. ನಿಯಮಿತ ಚಿಕಿತ್ಸೆಗಳಿಗೂ ಅದರಲ್ಲಿ ಅವಕಾಶವಿದೆ. ಕೇಂದ್ರ ಸರ್ಕಾರಿ ನೌಕರರ ಪಿಂಚಣಿಯಲ್ಲೂ ಬ್ಯಾಂಕ್ ಪಿಂಚಣಿಯಲ್ಲೂ, ಸ್ವಂತ ದುಡಿಮೆ ಸಾಧ್ಯವಿಲ್ಲದ ಮಗುವಿಗೆ ಕುಟುಂಬ ಪಿಂಚಣಿ ದೊರೆಯಲು ಅವಕಾಶವಿದೆ. ಮಗುವಿನ ಹೆಸರನ್ನು ನಿವೃತ್ತಿಗೆ ಮುಂಚೆಯೇ ದಾಖಲೆಯಲ್ಲಿ ಸೇರಿಸುವುದು ಕ್ಷೇಮ. ಅಂಗವಿಕಲ ಮಗುವನ್ನು ನೋಡಿಕೊಳ್ಳುವ ನೌಕರರಿಗೆ ಸರದಿ ವರ್ಗಾವಣೆಯಿಂದ ವಿನಾಯಿತಿ ನೀಡುವ ಆದೇಶವನ್ನು ಕೇಂದ್ರ ಸರ್ಕಾರ 2014ರ ಜೂನ್‌ನಲ್ಲಿ ಹೊರಡಿಸಿದೆ. ಹಾಗೆಯೇ, ನಾಮಿನಿಯಾಗಿ ಹೆಸರಿಸಿದ ಮಾತ್ರಕ್ಕೆ ಹಣ ಅವರದಾಗುವುದಿಲ್ಲ, ಅವರು ಕೇವಲ ಸ್ವೀಕರಿಸುವವರು ಎಂಬುದನ್ನು ನೆನಪಿಡಬೇಕು. ಉಯಿಲು ಅಥವಾ ಖಾಸಗಿ ಟ್ರಸ್ಟ್ ಪತ್ರವನ್ನು ವಕೀಲರ ಸಲಹೆ ಪಡೆದು ಬರೆಸಿಡುವುದು ಲೇಸು.

ಆದರೂ ಹಣದ ಏರ್ಪಾಡು ಅರ್ಧ ಉತ್ತರ ಮಾತ್ರ. ತಾಯಿ ಮಾತ್ರ ಅರ್ಥಮಾಡಿಕೊಳ್ಳಬಲ್ಲ ಮಗನಿಗೆ ತಾಯಿಯಿಲ್ಲದ ದಿನ ಯಾವ ಠೇವಣಿಯೂ ಆಸರೆಯಾಗದು. ಅವನ ಇಷ್ಟಾನಿಷ್ಟ, ಭಯ, ಸಮಾಧಾನದ ಬಗೆ, ಔಷಧ, ನೋವಾದಾಗ ಅವನು ಮಾಡುವ ಸನ್ನೆ ಇವೆಲ್ಲ ನಾಲ್ಕು ಜನಕ್ಕೆ ತಿಳಿದಿರಬೇಕು, ಒಂದು ಪುಟ್ಟ ಪುಸ್ತಕದಲ್ಲಿ ಬರೆದಿರಬೇಕು. ವರ್ತನಾ ಬೆಂಬಲದ ಕೊನೆಯ ಗುರಿಯೂ ಇದೇ. ಒಬ್ಬರ ಮೇಲಿನ ಅವಲಂಬನೆಯನ್ನು ಹಲವರ ಮೇಲೆ ಹಂಚುವುದು.

ಸಂಘಗಳು ಏನು ಮಾಡಬಹುದು?

ವಿಶೇಷ ಶಾಲೆಯನ್ನು ತೆರೆಯುವುದು ಎಲ್ಲ ಸಂಘಗಳಿಂದ ಸಾಧ್ಯವಾಗದು, ಅಗತ್ಯವೂ ಇಲ್ಲ. ಅದಕ್ಕೆ ಮುಂಬಯಿಯಲ್ಲಿ 1944ರಿಂದ ನಡೆಯುತ್ತಿರುವ ಜೈ ವಕೀಲ್ ಶಾಲೆಯಂಥ, ದೆಹಲಿಯ ಆ್ಯಕ್ಷನ್ ಫಾರ್ ಆಟಿಸಂನಂಥ, ಚೆನ್ನೈಯ ವಿದ್ಯಾಸಾಗರದಂಥ ಸಂಸ್ಥೆಗಳಿವೆ. ಆದರೆ ಅವರಲ್ಲೊಬ್ಬರನ್ನು ಕರೆಸಿ ವರ್ಷಕ್ಕೊಮ್ಮೆ ಕನ್ನಡದಲ್ಲಿ, ಇಲ್ಲವೇ ಕನ್ನಡಕ್ಕೆ ಅನುವಾದಿಸುವ ಏರ್ಪಾಡಿನೊಂದಿಗೆ, ಪಾಲಕರಿಗೂ ಅಜ್ಜ ಅಜ್ಜಿಯರಿಗೂ ಶಿಬಿರ ನಡೆಸಬಹುದು. ಸಭಾಗೃಹದ ಪಕ್ಕದ ಒಂದು ಕೋಣೆಯನ್ನು, ಗದ್ದಲ ತಾಳಲಾರದ ಮಗು ಬಂದು ಕೂರಲೆಂದು ತೆರೆದಿಡಬಹುದು. ನಮ್ಮ ಯುವ ವಿಭಾಗದ ನಾಲ್ಕೈದು ಮಂದಿ ತರಬೇತಿ ಪಡೆದು ತಿಂಗಳಿಗೊಂದು ಭಾನುವಾರ ಮೂರು ಗಂಟೆ ಇಂಥ ಮಗುವಿನ ಜೊತೆಗಿದ್ದರೆ, ಆ ತಾಯಿ ಒಂದು ಮದುವೆಗೆ ಹೋಗಿ ಬರಬಲ್ಲಳು. ಪಾಲಕತ್ವ, ವಿಮೆ, ಪ್ರಮಾಣಪತ್ರಗಳ ಅರ್ಜಿ ತುಂಬಿಸಲು ನಿವೃತ್ತ ಬ್ಯಾಂಕ್ ನೌಕರರೂ ವಕೀಲರೂ ನಮ್ಮ ಸಂಘಗಳಲ್ಲಿ ಬೇಕಾದಷ್ಟಿದ್ದಾರೆ.

ಇವೆಲ್ಲಕ್ಕೆ ತಗಲುವ ಖರ್ಚು ಒಂದು ವಾರ್ಷಿಕೋತ್ಸವದ ಹೂಮಾಲೆ ಶಾಲುಗಳ ಖರ್ಚನ್ನು ಮೀರದು. ನ್ಯಾಯಾಲಯವು ಆಶ್ರಯಧಾಮಗಳ ಬಾಗಿಲು ತೆರೆದು ನೋಡಲು ಆದೇಶಿಸಿದೆ. ಅದರ ವರದಿ ಏನೇ ಹೇಳಲಿ, ಆ ಧಾಮಗಳತ್ತ ಹೋಗುವ ದಾರಿ ನಮ್ಮ ಬಡಾವಣೆಗಳ ಮನೆಗಳಿಂದಲೇ ಹೊರಡುತ್ತದೆ. ಆ ದಾರಿಯಲ್ಲಿ ಒಂದು ಕುಟುಂಬವನ್ನಾದರೂ ತಡೆದು ನಿಲ್ಲಿಸುವುದು ನಮ್ಮ ಕೈಯಲ್ಲಿರುವ ಕೆಲಸ. ಬರುವ ಕಾರ್ಯಕಾರಿ ಸಮಿತಿಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೊಂದು ಸ್ಥಾನ ದೊರೆಯಲಿ ಎಂಬುದು ನಮ್ಮ ವಿನಂತಿ.